ಬಿಸಿಲು, ಸೈನಿಕರು, ನಿಮ್ಮ ನೀರಿನ ಬಾಟಲಿ

ಗೆಳೆಯರೇ, ಕೊಟ್ಟೂರು, ಕೂಡ್ಲಿಗಿ, ಹಡಗಲಿ ಗ್ರೌಂಡ್‌ಗಳಲ್ಲಿ ಅಗ್ನಿವೀರ್, ಪೊಲೀಸ್ ಭರ್ತಿಗೆ ಓಡ್ತಿರೋರು ಇದನ್ನ ಪೂರ್ತಿ ಓದ್ರಿ. "ನೀರು ಕಡಿಮೆ ಕುಡಿ, ಮೈ ಗಟ್ಟಿ ಆಗುತ್ತೆ" ಅಂತ ಯಾರಾದ್ರೂ ಹೇಳಿರ್ತಾರೆ. ಒಂದು ಕಾಲಕ್ಕೆ ಸೈನ್ಯಗಳೂ ಇದನ್ನೇ ನಂಬಿದ್ದವು.

1️⃣ 1918ರ ಬೇಸಿಗೆ. ನಮ್ಮ ಸೀಮೆ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಪಕ್ಕದ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಕುದುರೆ ಪಡೆ ದೂರದ ಜೋರ್ಡಾನ್ ಕಣಿವೆಯಲ್ಲಿ ಯುದ್ಧಕ್ಕೆ ನಿಂತಿತ್ತು. ಸಮುದ್ರಮಟ್ಟಕ್ಕಿಂತ 300 ಮೀಟರ್‌ಗೂ ಕೆಳಗಿನ ಜಾಗ, 40 ಡಿಗ್ರಿ ದಾಟುವ ಬಿಸಿಲು, ದೂಳು. ಅದನ್ನೆಲ್ಲ ತಡಕೊಂಡವರೇ ಸೆಪ್ಟೆಂಬರ್ 23ರಂದು ಹೈಫಾ ಗೆದ್ದವರಲ್ಲಿದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು.

2️⃣ ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ವಿಜ್ಞಾನಿ ಅಡಾಲ್ಫ್ ಮತ್ತು ಸಂಗಡಿಗರು ಸೈನಿಕರ ಜೊತೆ ಮರುಭೂಮಿಗೇ ಹೋಗಿ ಪರೀಕ್ಷಿಸಿದರು. 1947ರಲ್ಲಿ ಪುಸ್ತಕ ಬಂತು. ಕಡಿಮೆ ನೀರಿಗೆ ಮೈಯನ್ನು ಪಳಗಿಸೋಕೆ ಆಗಲ್ಲ. ಬೆವರಿದಷ್ಟು ಬಾಯಾರಿಕೆಯೂ ಆಗಲ್ಲ!

3️⃣ ಮೈ ಒಗ್ಗೋದು ಬಿಸಿಲಿಗೆ, ಅದೂ 10-14 ದಿನಕ್ಕೆ. ಒಗ್ಗಿದ ಮೈ ಇನ್ನೂ ಹೆಚ್ಚು ಬೆವರುತ್ತೆ. ಅಂದ್ರೆ ಗಟ್ಟಿಯಾದವನಿಗೇ ಹೆಚ್ಚು ನೀರು ಬೇಕು.

4️⃣ ಬೆವರಲ್ಲಿ ಉಪ್ಪೂ ಹೋಗುತ್ತೆ. ದೀರ್ಘ ಓಟದಲ್ಲಿ ಬರೀ ನೀರನ್ನೇ ಅತಿಯಾಗಿ ಕುಡಿಯೋದೂ ಅಪಾಯ. ಉಪ್ಪು ಹಾಕಿದ ಮಜ್ಜಿಗೆ ಒಳ್ಳೇದು. ಓಡುತ್ತಿದ್ದವ ತೊದಲಿದ್ರೆ, ತೂರಾಡಿದ್ರೆ ನೆರಳಿಗೆ ತಂದು ಮೈಮೇಲೆ ನೀರು ಸುರೀರಿ, ಗಾಳಿ ಹಾಕ್ರಿ, 108ಕ್ಕೆ ಫೋನ್ ಮಾಡ್ರಿ.

ನಾಳೆ ಗ್ರೌಂಡ್‌ಗೆ ಬಾಟಲಿ ತರ್ರಿ. ಜೊತೆಗೆ ಓಡೋ ಗೆಳೆಯನಿಗೂ ಇದನ್ನ ಕಳಿಸ್ರಿ.

#ನಮ್ಮೂರಇತಿಹಾಸ #ಮೈಸೂರುಲ್ಯಾನ್ಸರ್ಸ್ #ಕೊಟ್ಟೂರು