ಕಾಡುಹೊಗೆಸೊಪ್ಪು: ಹಳೆಯ ಮದ್ದು, ಹಳೆಯ ವಿಷ

ಹೂವಿನಹಡಗಲಿ ಬಳಿಯ ಮಾಗಳದ ಸೂರ್ಯನಾರಾಯಣ ದೇಗುಲವನ್ನು ಕಟ್ಟಿದ ಕಲ್ಯಾಣ ಚಾಲುಕ್ಯರ ಕಾಲದವರಿಗೆ ಹೊಗೆಸೊಪ್ಪಿನ ಪರಿಚಯವೇ ಇರಲಿಲ್ಲ. ಅಮೆರಿಕ ಮೂಲದ ಆ ಗಿಡ ಪೋರ್ಚುಗೀಸರ ಮೂಲಕ ದಖ್ಖನಿಗೆ ಬಂತು. 1604ರ ಸುಮಾರಿಗೆ ಮೊಗಲ್ ದೂತ ಅಸದ್ ಬೇಗ್ ಅದನ್ನು ಬಿಜಾಪುರದಿಂದ ಅಕ್ಬರನ ಆಸ್ಥಾನಕ್ಕೆ ಒಯ್ದ. ಆದರೆ ಮಾಗಳದ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಗೆ ನೀರುಣಿಸುವ ಸಹ್ಯಾದ್ರಿಯ ಎತ್ತರದಲ್ಲಿ ಬೆಳೆಯುವ ಕಾಡುಹೊಗೆಸೊಪ್ಪು (ಲೊಬೇಲಿಯಾ ನಿಕೋಟಿಯಾನಿಫೋಲಿಯಾ) ಈ ನೆಲದ್ದೇ. ಆಳೆತ್ತರ ಮೀರುವ ಪೊಳ್ಳು ಕಾಂಡ, ಮುರಿದರೆ ಒಸರುವ ಹಾಲು, ತುದಿಯಲ್ಲಿ ಬಿಳಿ ಹೂಗೊಂಚಲು. ಎಲೆ ಮಾತ್ರ ಹೊಗೆಸೊಪ್ಪಿನದೇ ಅಚ್ಚು.

ಉಬ್ಬಸ, ಕೆಮ್ಮಿಗೆ ಇದರ ಎಲೆಯನ್ನು ನಾಟಿವೈದ್ಯದಲ್ಲಿ ಬಳಸಿದ್ದುಂಟು. ತಲೆಮಾರುಗಳಿಂದ ಬಂದ ಮದ್ದು ಕೇಡು ಮಾಡೀತೇ ಎಂದು ಕೇಳುವವರಿದ್ದಾರೆ. ಮಾಡೀತು. ಇದರಲ್ಲಿರುವ ಲೊಬೆಲಿನ್ ಎಂಬ ರಾಸಾಯನಿಕವು ನಿಕೋಟಿನ್ ತಟ್ಟುವ ನರಗ್ರಾಹಕಗಳನ್ನೇ ತಟ್ಟುತ್ತದೆ. ಅಲ್ಪ ಪ್ರಮಾಣದಲ್ಲಿ ಉಸಿರಾಟವನ್ನು ಪ್ರಚೋದಿಸುವ ಅದೇ ವಸ್ತು ಹೆಚ್ಚಾದರೆ ವಾಂತಿ, ತಣ್ಣನೆ ಬೆವರು, ಸೆಳೆತ ತಂದು ಪ್ರಾಣಕ್ಕೇ ಎರವಾಗಬಹುದು. ಗಿಡದಿಂದ ಗಿಡಕ್ಕೆ ಸತ್ವ ಬದಲಾಗುವುದರಿಂದ ಚಿಟಿಕೆಯ ಲೆಕ್ಕ ಇಲ್ಲಿ ನಡೆಯದು. ಒಣಗಿದ ಗಿಡದ ಧೂಳು ಮೂಗು, ಗಂಟಲನ್ನು ಉರಿಸುವುದೂ ಎಚ್ಚರಿಕೆಯೇ. ಧೂಮಪಾನ ಬಿಡಿಸುವ ಔಷಧವಾಗಿಯಾದರೂ ಉಪಯುಕ್ತವಲ್ಲವೇ ಎಂದರೆ, ಪರಿಣಾಮ ಸಾಬೀತಾಗದ್ದರಿಂದ ಅಮೆರಿಕ 1993ರಲ್ಲಿ ಅಂಥ ಲೊಬೆಲಿನ್ ಸಿದ್ಧೌಷಧಗಳ ಮಾರಾಟ ನಿಲ್ಲಿಸಿತು. ಹಳೆಯದೆಂಬುದು, ನಮ್ಮದೆಂಬುದು ಸುರಕ್ಷತೆಯ ಪುರಾವೆಯಲ್ಲ. ಗಿಡ ಗುಡ್ಡದಲ್ಲಿರಲಿ, ಉಬ್ಬಸದವರು ವೈದ್ಯರ ಬಳಿ ಹೋಗಲಿ.