ಊರು ಮೇಲೆ, ಹೊಳೆ ಕೆಳಗೆ

ಕಾವೇರಿ ಹತ್ತಿರದಲ್ಲೇ ಹರಿಯುತ್ತಾಳೆ. ಮೈಸೂರು ಕೂತಿರುವುದು ಮಾತ್ರ ಹೊಳೆಗಿಂತ ಎತ್ತರದಲ್ಲಿ. ನೀರಿನ ಯೋಜನೆ ಹಾಕಿದ ಪ್ರತಿಯೊಬ್ಬರಿಗೂ ಈ ಏರು ಎದುರಾಯಿತು.

19ನೇ ಶತಮಾನದ ಆರಂಭದಲ್ಲಿ ದಿವಾನ್ ಪೂರ್ಣಯ್ಯನವರು ಕಾಲುವೆ ತೋಡಿಸಿಯೇ ಕಾವೇರಿಯನ್ನು ಊರಿಗೆ ತರಲು ಹೊರಟರು. ಕೆಲಸ ಕೈಗೂಡಲಿಲ್ಲ. ಹಾಗೆಂದು ಪೂರ್ತಿ ದಂಡವೂ ಆಗಲಿಲ್ಲ: ಪೂರ್ಣಯ್ಯ ನಾಲೆ ಮುಂದೆ ಮಳೆನೀರನ್ನು ಕುಕ್ಕರಹಳ್ಳಿ ಕೆರೆಗೆ ಹೊತ್ತು ತಂದಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಆ ಕೆರೆ ಮೊದಲು ಗದ್ದೆಗಳಿಗೆ, ಆಮೇಲೆ ಊರಿನ ಬಾಯಾರಿಕೆಗೆ ಒದಗಿತು. ಅದೇ ಊರಿನ ಕೊಳಚೆ ಮುಂದೆ ಕೆರೆಗೆ ನುಗ್ಗಿದ್ದು ಬೇರೆ ಕಥೆ.

ನಾಲೆಯಿಂದ ಆಗದ್ದನ್ನು ಪಂಪು ಮಾಡಿತು. 1896ರ ವಾಣಿವಿಲಾಸ ನೀರು ಸರಬರಾಜು ವ್ಯವಸ್ಥೆಗೆ ಅಂದಿನ ರಾಜಪ್ರತಿನಿಧಿ ಮಹಾರಾಣಿಯವರದೇ ಹೆಸರು. ಬೆನ್ನಿಗೇ ಪ್ಲೇಗು ಬಂತು. ಇಕ್ಕಟ್ಟಿನ ಕೇರಿಗಳನ್ನು ಹಾಗೇ ಬಿಟ್ಟು ಬರೀ ಕೊಳಾಯಿ ಹಾಕಿದರೆ ಸಾಲದೆಂದು ಆಡಳಿತಕ್ಕೆ ಮನವರಿಕೆಯಾಗಿ, 1903ರಲ್ಲಿ ನಗರಾಭಿವೃದ್ಧಿಗೆಂದೇ ಟ್ರಸ್ಟ್ ಬೋರ್ಡ್ ಹುಟ್ಟಿತು. ಮೈಸೂರಿನ ಯೋಜನಾ ಚರಿತ್ರೆಯಲ್ಲಿ ಅರಮನೆಯಷ್ಟೇ ಮುಖ್ಯವಾದ ಘಟನೆಯಿದು. ಪ್ರವಾಸಿಗರಿಗೆ ಯಾರೂ ಹೇಳುವುದಿಲ್ಲ, ಅಷ್ಟೆ.

ಕನ್ನಂಬಾಡಿ ಕಟ್ಟೆಯಾದ ಮೇಲೆ ನದಿಯ ನೀರು ನೆಚ್ಚುವಂತಾಯಿತು. ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಿಂದ ನೀರು ಏರಿತು. ಮೂರೂ ಇರುವುದು ಮಂಡ್ಯ ಜಿಲ್ಲೆಯಲ್ಲಿ! ಬಿದರಗೋಡಿನಿಂದ ಕಬಿನಿಯೂ ಜೊತೆಗೂಡಿತು. 2008ರಲ್ಲಿ ದಿನವಿಡೀ ನೀರು ಕೊಡುವ ಯೋಜನೆ ಜಸ್ಕೋ ಕಂಪನಿಯ ಕೈಗೆ ಹೋಯಿತು, ವಿವಾದವೂ ಹಿಂಬಾಲಿಸಿತು. ಬಡಾವಣೆಗಳು ರಿಂಗ್ ರಸ್ತೆ ದಾಟಿದ ಮೇಲೆ ಪಾಲಿಕೆಯ ಎಲ್ಲೆಯಾಚೆಯ ಮನೆಗಳನ್ನೂ ಲೆಕ್ಕಕ್ಕೆ ಹಿಡಿದು, ಕನ್ನಂಬಾಡಿಯ ಹಿನ್ನೀರಿನಿಂದ ನೀರೆತ್ತುವ ಹಳೇ ಉಂಡುವಾಡಿ ಯೋಜನೆ ರೂಪುಗೊಂಡಿತು.