ಕರೆಂಟು ನಮ್ಮ ಹೊಳೆಯದು, ಕತೆ ಯಾರದು?

ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಬೀಳುತ್ತಾಳೆ. ಈಚೆ ಮಳವಳ್ಳಿ ಕಡೆ ಗಗನಚುಕ್ಕಿ, ಆಚೆ ಕೊಳ್ಳೇಗಾಲದ ಕಡೆ ಭರಚುಕ್ಕಿ. ಈ ನೀರಿನಿಂದ 1902ರಲ್ಲಿ ಕರೆಂಟು ತೆಗೆದರು. ತೆಗೆದದ್ದು ಪಕ್ಕದ ಹಳ್ಳಿಗೆ ಬರಲಿಲ್ಲ. ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಗೆ, ಇಂಗ್ಲಿಷ್ ಕಂಪನಿಯ ಕೆಲಸಕ್ಕೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಕ್ಕೆ ಹೋಯಿತು. ದಿವಾನ್ ಶೇಷಾದ್ರಿ ಅಯ್ಯರ್ ಹೆಸರು ಪಾಠದಲ್ಲಿದೆ. ಬಂಡೆ ಒಡೆದವರ, ಕೊಳವೆ ಹೊತ್ತವರ ಹೆಸರು ನಾವು ಓದಿದ ಯಾವ ಪಾಠದಲ್ಲೂ ಇರಲಿಲ್ಲ.

ಸಿನಿಮಾ ಮಾತಿಗೆ ಇದೆಲ್ಲ ಯಾಕಪ್ಪಾ ಅನ್ನಬಹುದು. ಬೇಕು. ಪಟ್ಟಣದ ಟಾಕೀಸು ಬೆಳೆದದ್ದು ಈ ಕರೆಂಟಿನ ಮೇಲೆ. ನಮ್ಮ ಕಡೆ ಸಿನಿಮಾ ಬಂದದ್ದು ಟೆಂಟಿನಲ್ಲಿ, ಡೀಸೆಲ್ ಜನರೇಟರು ಗುಡುಗುಡು ಅನ್ನುತ್ತಾ. ಹೊಳೆಯಲ್ಲಿ ಹುಟ್ಟಿದ ಬೆಳಕು ಮೇಲೆ ಹೋಗಿ, ಸೀಮೆಎಣ್ಣೆಯವರ ಊರಿಗೆ ಗಾಡಿಯ ಮೇಲೆ ವಾಪಸು ಬಂದ ಹಾಗೆ. ಘಂಟಸಾಲರ ವೆಂಕಟೇಶನ ಹಾಡು ಹಾಕಿದರೆ ಆಟ ಶುರು ಅಂತ ಅರ್ಥ. ಮಡಿಲಲ್ಲಿ ಕಡ್ಲೇಕಾಯಿ ಕಟ್ಟಿಕೊಂಡು ಜನ ಓಡೋರು. ನೆಲದ ಟಿಕೆಟ್ಟಿನಲ್ಲಿ ಮರಳು ಗುಡ್ಡೆ ಮಾಡಿಕೊಂಡು ಕೂತವನ ಜಾತಿಯನ್ನು ಕತ್ತಲಲ್ಲಿ ಕೇಳುವುದು ಕಷ್ಟವಾಗಿತ್ತು. ದೇವಸ್ಥಾನ ಕೊಡದ ಸಮಾನತೆಯನ್ನು ಟೆಂಟು ಮೂರು ಗಂಟೆಯ ಮಟ್ಟಿಗಾದರೂ ಕೊಟ್ಟಿತು. ಇದನ್ನು ನಮ್ಮ ಪ್ರಗತಿಪರರು ಬರೆದಿಟ್ಟಿಲ್ಲ. ಅವರಿಗೆ ಟೆಂಟು ಎಂದರೆ ಜನರ ಅಫೀಮು.

ಈ ಟೆಂಟಿನಲ್ಲೇ ನಮ್ಮ ಜನಕ್ಕೆ ಕನ್ನಡ ಕಾದಂಬರಿ ಸಿಕ್ಕಿತು. ಅಕ್ಷರ ಬಾರದವರು ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು (1967) ‘ಓದಿದ್ದು’ ಇಲ್ಲಿ, ಟಿ.ಕೆ. ರಾಮರಾಯರನ್ನು, ಗೊರೂರರನ್ನು ಓದಿದ್ದೂ ಇಲ್ಲಿ. ಅಕ್ಷರ ಕಲಿತ ಹಾಸ್ಟೆಲ್ ಹುಡುಗರ ಸಡಗರ ಬೇರೆ ಥರದ್ದು. ರಟ್ಟು ಹರಿದ ಪುಸ್ತಕವನ್ನು ರಾತ್ರಿಯೆಲ್ಲಾ ಸರದಿಯಲ್ಲಿ ಓದಿ, ಸಿನಿಮಾ ಬಂದಾಗ ಪುಟಕ್ಕೆ ಪುಟ ತಾಳೆ ಹಾಕೋರು. ‘ಈ ಮಾತು ಪುಸ್ತಕದಲ್ಲಿಲ್ಲ ಕಣೋ’, ‘ಆ ಸೀನು ನುಂಗಿಬಿಟ್ರು’ ಅಂತ ದಾರಿಯುದ್ದಕ್ಕೂ ಜಗಳ. ವಿಮರ್ಶೆಯ ಮೊದಲ ಪಾಠ ಎಷ್ಟೋ ಜನಕ್ಕೆ ಆದದ್ದು ಹೀಗೆ.

1972ರಲ್ಲಿ ‘ನಾಗರಹಾವು’ ಬಂತು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ ಒಂದು ಸಿನಿಮಾ ಮಾಡಿದರು. ಅದು ತ.ರಾ.ಸು. ಅವರಿಗೆ ಒಪ್ಪಿಗೆಯಾಗಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮದ್ದೂರು ಮಳವಳ್ಳಿ ಸೀಮೆಗೆ ಆ ತಕರಾರೇ ಬೇಕಿರಲಿಲ್ಲ. ಜಲೀಲನ ಪಾತ್ರ ಮಾಡಿದ ಹೊಸ ಹುಡುಗ ಅಂಬರೀಶ್ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವನು. ‘ನಮ್ಮ ಕಡೆ ಐದ’ ಅಂತ ಹೆಮ್ಮೆ. ಆ ಹೆಮ್ಮೆ ಸುಳ್ಳಲ್ಲ. ಆದರೆ ಒಂದು ಮಾತು ಹೇಳಲೇಬೇಕು: ನಮ್ಮ ಹುಡುಗ ತೆರೆಗೆ ಬಂದದ್ದು ಹೆಣ್ಣುಮಕ್ಕಳನ್ನು ಕಾಡುವ ಪುಂಡನಾಗಿ, ಆ ಪುಂಡನಿಗೆ ಇದ್ದದ್ದು ಮುಸ್ಲಿಂ ಹೆಸರು. ಕ್ರೈಸ್ತರ ಹುಡುಗಿಯನ್ನು ಮೆಚ್ಚಿದ ರಾಮಾಚಾರಿಗೆ ಕೊನೆಗೆ ಉಳಿದದ್ದು ದುರ್ಗದ ಬೆಟ್ಟದಿಂದ ಬೀಳುವ ದಾರಿ. ಶಿಳ್ಳೆಯ ಸದ್ದಿನಲ್ಲಿ ಇದು ಯಾರಿಗೂ ಕೇಳಲಿಲ್ಲ.

ಅದೇ ವರ್ಷದ ‘ಬಂಗಾರದ ಮನುಷ್ಯ’ ರಾಮರಾಯರ ಕಾದಂಬರಿ. ರಾಜೀವ ಬರಡು ನೆಲವನ್ನು ಬಂಗಾರ ಮಾಡುತ್ತಾನೆ, ನೋಡಿದವರೆಲ್ಲ ಅತ್ತರು. ಕಬ್ಬಿನ ಗದ್ದೆಯಲ್ಲಿ ದಿನಗೂಲಿ ಮಾಡಿ ಬಂದ ನಮ್ಮವರೂ ಅತ್ತರು. ಒಂದು ಗುಂಟೆ ನೆಲವಿಲ್ಲದವನು ನೆಲವುಳ್ಳವನ ಕಷ್ಟಕ್ಕೆ ಅಳುವುದನ್ನು ಸಣ್ಣದಾಗಿ ನೋಡಬಾರದು. ರಾಜ್‌ಕುಮಾರ್ ಜಾಗದಲ್ಲಿ ಅವನು ತನ್ನನ್ನೇ ಇಟ್ಟು ನೋಡುತ್ತಿದ್ದ. ಕನಸಿಗೆ ಪಹಣಿ ಬೇಕಿಲ್ಲ.

ಹೊಸ ಅಲೆಯ ಸಿನಿಮಾಗಳು ಟೆಂಟಿಗೆ ಬಂದದ್ದು ಕಡಮೆ. ಪಟ್ಟಣದ ಫಿಲಂ ಸೊಸೈಟಿಗಳಲ್ಲಿ, ಬಹುಮಾನದ ಸುದ್ದಿಗಳಲ್ಲಿ ಅವು ಸಿಕ್ಕವು. ಅನಂತಮೂರ್ತಿಯವರ ‘ಸಂಸ್ಕಾರ’ 1965ರ ಕಾದಂಬರಿ, 1970ರ ಸಿನಿಮಾ, ನಿರ್ದೇಶನ ಪಟ್ಟಾಭಿರಾಮ ರೆಡ್ಡಿಯವರದು. ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ಸ್ವರ್ಣಕಮಲ ಬಂತು. ಅಗ್ರಹಾರದ ಒಂದು ಹೆಣ ಯಾರು ಸುಡಬೇಕು ಎಂದು ಕಾದಂಬರಿ ಪುಟಗಟ್ಟಲೆ ತಲೆ ಕೆಡಿಸಿಕೊಳ್ಳುತ್ತದೆ. ಹೊಲಗೇರಿಯಲ್ಲಿ ಬೆಳ್ಳಿಯ ಅಪ್ಪ ಅವ್ವ ಸತ್ತರೆ ಗುಡಿಸಲು ಸಮೇತ ಸುಟ್ಟು ಮುಗಿಯಿತು, ಕೆಲವೇ ಸಾಲು. ಪ್ಲೇಗು ಎರಡು ಕಡೆಗೂ ಬಂದದ್ದು ಒಂದೇ. ಲೇಖಕರಿಗೆ ಇದು ಕಾಣಲಿಲ್ಲ ಎನ್ನಲಾರೆ, ಕಂಡಿದ್ದಕ್ಕೇ ಬರೆದಿದ್ದಾರೆ. ಆದರೆ ಅಂಚಿನಲ್ಲಿ ಬರೆದಿದ್ದಾರೆ.

ಆ ಸಿನಿಮಾದಲ್ಲಿ ಚಂದ್ರಿಯಾದವರು ಸ್ನೇಹಲತಾ ರೆಡ್ಡಿ. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಅವರನ್ನು ಹಿಡಿದು ಬೆಂಗಳೂರು ಜೈಲಿಗೆ ಹಾಕಿದರು. ಉಬ್ಬಸದ ರೋಗಿ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು, ಕೆಲವೇ ದಿನಕ್ಕೆ ತೀರಿಕೊಂಡರು. ಸ್ವರ್ಣಕಮಲ ಕೊಟ್ಟ ಸರ್ಕಾರವೂ ಅದೇ, ಬೀಗ ಹಾಕಿದ ಸರ್ಕಾರವೂ ಅದೇ.

ಈಗ ‘ಚೋಮನ ದುಡಿ’. ಶಿವರಾಮ ಕಾರಂತರು ಬರೆದದ್ದು 1933ರಲ್ಲಿ, ಬಿ.ವಿ. ಕಾರಂತರು ತೆಗೆದದ್ದು 1975ರಲ್ಲಿ. ನಡುವೆ 42 ವರ್ಷ. ಈ ವರ್ಷಗಳ ಲೆಕ್ಕವನ್ನು ಸ್ವಲ್ಪ ನಿಂತು ನೋಡಬೇಕು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದದ್ದಕ್ಕೆ ಊರೂರಲ್ಲಿ ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು. 1974ರ ಮಾರ್ಚಿನಲ್ಲಿ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. 1975ರ ಅಕ್ಟೋಬರಿನಲ್ಲಿ ಜೀತ ರದ್ದಾಯಿತೆಂದು ದಿಲ್ಲಿಯಿಂದ ಸುಗ್ರೀವಾಜ್ಞೆ ಬಂತು. ಇದರ ನಡುವೆ ಚೋಮ ತೆರೆಯ ಮೇಲೆ ನಿಂತು ‘ನನಗೂ ಬೇಸಾಯ ಬೇಕು’ ಎಂಬ ಆಸೆಯನ್ನು ತೋರಿಸಿದ.

ಭೂಸುಧಾರಣೆ ಬಂದಿತ್ತಲ್ಲ, ಚೋಮನಿಗೆ ನೆಲ ಸಿಗಬೇಕಿತ್ತಲ್ಲ? ಸಿಗುತ್ತಿರಲಿಲ್ಲ. ಕಾನೂನು ಉಳುವವನಿಗೆ ನೆಲ ಎಂದಿತು. ಉಳುವವನು ಎಂದರೆ ಗೇಣಿದಾರ. ಚೋಮ ಗೇಣಿದಾರನಲ್ಲ. ಅವನನ್ನು ಗೇಣಿಗೆ ಬಿಟ್ಟುಕೊಳ್ಳಲು ಒಡೆಯ ಒಪ್ಪಿಲ್ಲ. ಹೊಲೆಯ ಬೇಸಾಯಗಾರನಾಗುವುದು ಸಂಪ್ರದಾಯಕ್ಕೆ ಒಗ್ಗದು. ಎತ್ತು ಇದೆ, ರಟ್ಟೆ ಇದೆ, ಚೀಟಿ ಇಲ್ಲ. ಹೀಗಾಗಿ 1933ರ ಪುಸ್ತಕದ ಪ್ರಶ್ನೆ 1975ರಲ್ಲೂ ಹಸಿಯಾಗಿಯೇ ಇತ್ತು. ಎಷ್ಟೋ ಕಡೆ ಗೇಣಿದಾರ ಒಡೆಯನಾದ, ಕೂಲಿಯವನು ಕೂಲಿಯವನಾಗಿಯೇ ಉಳಿದ. ಒಡೆಯನ ಹೆಸರು ಮಾತ್ರ ಬದಲಾಯಿತು.

ಸಾಲಕ್ಕೆ ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಜ್ವರದಿಂದ ಸಾಯುತ್ತಾನೆ, ಒಬ್ಬ ಮತ ಬಿಟ್ಟು ಹೋಗುತ್ತಾನೆ. ಮಗಳು ಬೆಳ್ಳಿ ಮೈ ಕೊಟ್ಟು ಸಾಲ ತೀರಿಸುತ್ತಾಳೆ. ನೀಲ ನೀರಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದಾರೆ, ಮುಟ್ಟುವವರಿಲ್ಲ. ಪುಸ್ತಕ ಓದಿದವನಿಗೆ ಇದೆಲ್ಲ ಮೊದಲೇ ಗೊತ್ತು. ಗೊತ್ತಿದ್ದೂ ತೆರೆಯ ಮೇಲೆ ಆ ಹುಡುಗನ ಕೈ ನೀರಿನಿಂದ ಮೇಲೇಳುವಾಗ ಕೂತಲ್ಲೇ ಎದ್ದು ನಿಲ್ಲಬೇಕೆನಿಸುತ್ತದೆ. ಪುಸ್ತಕ ಮಾಡಲಾರದ್ದನ್ನು ಸಿನಿಮಾ ಮಾಡುವುದು ಇಲ್ಲಿ.

ಇನ್ನೊಂದು, ಸದ್ದು. ದುಡಿ ತುಳುನಾಡಿನದು, ನಮ್ಮ ಕಡೆ ತಮಟೆ. ನಮ್ಮ ತಮಟೆ ಗೌಡರ ಹೆಣದ ಮುಂದೆ, ಊರಹಬ್ಬದ ಮುಂದೆ, ಕರೆದಾಗ ಬಡಿಯಬೇಕಾದದ್ದು. ಚೋಮನ ದುಡಿ ಹಾಗಲ್ಲ. ರಾತ್ರಿ, ತನ್ನ ಗುಡಿಸಲಲ್ಲಿ, ತನ್ನ ಸಿಟ್ಟಿಗೆ, ತನ್ನ ದುಃಖಕ್ಕೆ ಬಡಿದುಕೊಳ್ಳುವುದು. ಯಾರ ಅಪ್ಪಣೆಯೂ ಇಲ್ಲ. ಪುಸ್ತಕದಲ್ಲಿ ಅದನ್ನು ಅಕ್ಷರದಲ್ಲಿ ಊಹಿಸಿಕೊಂಡಿದ್ದೆವು. ನಾಟಕದ ಸಂಗೀತ ಬಲ್ಲ ಬಿ.ವಿ. ಕಾರಂತರು ಅದನ್ನು ಕಿವಿಗೆ ಹಾಕಿದರು. ವರ್ಷಗಟ್ಟಲೆ ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದ ಎಂ.ವಿ. ವಾಸುದೇವರಾವ್ ಚೋಮನಾಗಿ ದೇಶದ ಅತ್ಯುತ್ತಮ ನಟನ ಪ್ರಶಸ್ತಿ ಪಡೆದರು, ಸಿನಿಮಾಕ್ಕೆ ಸ್ವರ್ಣಕಮಲ ಬಂತು. ನಟನೆಯಲ್ಲಿ ಹುಳುಕು ಹುಡುಕುವ ಆಸೆ ನನಗಿಲ್ಲ.

ಆದರೆ ಕತೆ ಹೇಳುವವನ ಕಣ್ಣು ಎಲ್ಲಿದೆ? ಚೋಮ ಕೊನೆಗೆ ಎತ್ತುಗಳನ್ನು ಬಿಟ್ಟುಬಿಡುತ್ತಾನೆ, ನೇಗಿಲು ಮುರಿಯುತ್ತಾನೆ, ದುಡಿ ಬಾರಿಸುತ್ತಾ ಸಾಯುತ್ತಾನೆ. ಸತ್ತ ಹೊಲೆಯನಿಗೆ ಕಣ್ಣೀರು ಹಾಕುವುದು ಸುಲಭ. ಮಾರನೇ ದಿನ ಎದ್ದು ಒಡೆಯನ ಜಗುಲಿ ಮುಂದೆ ನಿಂತು ಕೂಲಿ ಕೇಳುವ ಹೊಲೆಯನನ್ನು ನೋಡಿಕೊಂಡು ಕೂರುವುದು ಕಷ್ಟ. 1933ರಲ್ಲಿ ಅಷ್ಟು ಬರೆದದ್ದೇ ಧೈರ್ಯ, ಒಪ್ಪುತ್ತೇನೆ. 1975ರಲ್ಲಿ ದಲಿತರು ಸಂಘ ಕಟ್ಟಲು ಶುರುಮಾಡಿದ್ದರು. ಆಗಲೂ ಚೋಮ ಸಾಯುವುದಷ್ಟೇ ಮಾಡಬೇಕಿತ್ತೇ? ‘ಪುಸ್ತಕಕ್ಕೆ ನಿಷ್ಠೆ’ ಅಂತ ಹೊಗಳುವವರಿಗೆ ನನ್ನ ಪ್ರಶ್ನೆ ಇಷ್ಟೇ.

ಪಕ್ಕದ ಮೈಸೂರು ಸೀಮೆಯಲ್ಲಿ ಇದಕ್ಕಿಂತ ಹಳೆಯ ಒಂದು ಕತೆಯಿದೆ. ಹೆಗ್ಗಡದೇವನಕೋಟೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು. ಕಿಪ್ಲಿಂಗನ ಆನೆ ಹುಡುಗನ ಕತೆಯನ್ನು ಸಿನಿಮಾ ಮಾಡಲು ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ ಈ ಹುಡುಗ ಸಿಕ್ಕ. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಂತು, 1942ರಲ್ಲಿ ‘ಜಂಗಲ್ ಬುಕ್’ನ ಮೋಗ್ಲಿ ಇವನೇ ಆದ. ಕಿಪ್ಲಿಂಗನ ಕತೆಯಲ್ಲಿ ಮಾವುತರ ಹುಡುಗ ದೊಡ್ಡವನಾಗುವುದೆಂದರೆ ಸಾಹೇಬರ ಆನೆ ಬೇಟೆಗೆ ಒಳ್ಳೆಯ ಆಳಾಗುವುದು. ಸಾಬು ಅಮೆರಿಕಕ್ಕೆ ಹೋಗಿ, ಅಲ್ಲಿಯ ಪ್ರಜೆಯಾಗಿ, ಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ, 1963ರಲ್ಲಿ 39ರ ವಯಸ್ಸಿಗೇ ತೀರಿಕೊಂಡ. ಲಾಯದ ಹುಡುಗ ಲೋಕ ಗೆದ್ದ, ನಿಜ. ಗೆದ್ದದ್ದು ಮತ್ತೊಬ್ಬರು ಬರೆದ ಕತೆಯೊಳಗೆ.

ದೇವನೂರ ಮಹಾದೇವರ ‘ಒಡಲಾಳ’ ಕೈಗೆ ಬಂದಾಗ ಹುಡುಗರು ಓದಿದ್ದು ಬೇರೆ ರೀತಿ. ಅದು ತಾಳೆ ಹಾಕುವ ಓದಲ್ಲ. ಇಲ್ಲಿ ಮಾತು ನಮ್ಮದು, ಬೈಗುಳ ನಮ್ಮದು, ರಾತ್ರಿ ಮನೆಮಂದಿಯೆಲ್ಲಾ ಕೂತು ಕಡ್ಲೇಕಾಯಿ ತಿನ್ನುವ ಹಸಿವೂ ನಮ್ಮದು. ಸಿನಿಮಾಕ್ಕೆ ಕಾಯದೆ ಅದು ರಂಗಕ್ಕೆ ಬಂತು. ಸಿ.ಜಿ. ಕೃಷ್ಣಸ್ವಾಮಿಯವರು ನಾಟಕ ಮಾಡಿಸಿದರು, ಉಮಾಶ್ರೀ ಸಾಕವ್ವನಾದರು. ಕಳೆದುಹೋದ ಹುಂಜಕ್ಕಾಗಿ ಸಾಕವ್ವ ಬಾಯಿ ಬಿಟ್ಟು ಬೈಯಲು ಶುರುಮಾಡಿದರೆ ಮುಂದೆ ಕೂತ ಮುದುಕಿಯರು ನಗುತ್ತಾ, ಕಣ್ಣೊರೆಸುತ್ತಾ, ತಾವೂ ನಾಲ್ಕು ಬೈಗುಳ ಸೇರಿಸುವಂಥ ಆಟ ಅದು.